ದಾಸೋಹ ಮತ್ತು ನಾಡನಿಧಿ

ಶರಣರು ಕಾಯಕ, ದಾಸೋಹಗಳೆಂಬ ಎರಡು ತತ್ವಗಳನ್ನು ಒಂದೇ ನೊಗಕ್ಕೆ ಹೂಡಿದರು. ದುಡಿಯದವನಿಗೆ ನೀಡಲು ಬಾರದು. ನೀಡದವನ ದುಡಿಮೆ ಶುದ್ಧವಾಗದು. ಈ ಮಾತನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ನೀಡಿದ್ದು ಎಲ್ಲಿಗೆ ಹೋಗಿ ಮುಟ್ಟಿತು, ಎಷ್ಟು ಕಾಲ ನಿಂತಿತು, ನೀಡಿದವನು ಕಣ್ಮರೆಯಾದ ಬಳಿಕ ಅದರ ಗತಿಯೇನಾಯಿತು ಎಂದು ವಿಚಾರಿಸುವ ರೂಢಿ ನಮ್ಮಲ್ಲಿ ಕಡಿಮೆ. ಕೈಯಿಂದ ಬಿಟ್ಟ ಕ್ಷಣವೇ ಪುಣ್ಯ ಕೂಡಿತೆಂದು ಸಮಾಧಾನ ತಾಳುತ್ತೇವೆ. ಈ ಪಾಠದಲ್ಲಿ ಆ ಸಮಾಧಾನವನ್ನೇ ಕೊಂಚ ಪರೀಕ್ಷಿಸಿ ನೋಡುವ ಉದ್ದೇಶವಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಊರಿನಲ್ಲಿ ಬಡ ಹೆಣ್ಣುಮಕ್ಕಳ ಉಚಿತ ವಸತಿಗೃಹವೊಂದು ನಡೆಯುತ್ತಿತ್ತು. ಅದರ ವೆಚ್ಚವನ್ನು ಒಬ್ಬರೇ ಸದ್ಗೃಹಸ್ಥರು ಹೊತ್ತಿದ್ದರು. ಅವರು ಲಿಂಗೈಕ್ಯರಾದರು. ಮಕ್ಕಳು ಬೇರೆ ಬೇರೆ ಊರುಗಳಲ್ಲಿ ನೆಲೆಸಿದ್ದರು. ತಂದೆಯ ಸಂಕಲ್ಪ ಅವರಿಗೆ ತಿಳಿದಿತ್ತೇ ಹೊರತು ಅದನ್ನು ನಡೆಸುವ ಬಗೆ ತಿಳಿಯಲಿಲ್ಲ. ಎರಡು ವರ್ಷದೊಳಗೆ ಬಾಗಿಲು ಮುಚ್ಚಿತು. ಅದೇ ಊರಿನಲ್ಲಿ ಅದೇ ವರ್ಷ ಜಾತ್ರೆಗೆ ಬಂದ ಕಾಣಿಕೆ ಹಿಂದಿಗಿಂತ ಹೆಚ್ಚೇ ಇತ್ತು. ಊರಿನಲ್ಲಿ ಔದಾರ್ಯಕ್ಕೆ ಕೊರತೆಯಿರಲಿಲ್ಲ. ಒಬ್ಬನ ಔದಾರ್ಯ ನಿಂತಲ್ಲಿ ಹತ್ತು ಜನರ ಔದಾರ್ಯ ಕೈಗೂಡುವಂಥ ಏರ್ಪಾಡು ಇರಲಿಲ್ಲ. ಮನೆಗೆ ಮರಳಿದ ಆ ಹುಡುಗಿಯರಲ್ಲಿ ಎಷ್ಟು ಮಂದಿ ಓದು ಮುಂದುವರಿಸಿದರೋ ಶಿವನೇ ಬಲ್ಲ. ಈ ಲೇಖನವನ್ನು ಬರೆಯುವಂತೆ ಮಾಡಿದ್ದು ಆ ಮುಚ್ಚಿದ ಬಾಗಿಲು.

ಲಕ್ಕಮ್ಮನ ಅಳತೆ

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಪ್ರಸಂಗ ವಾಚಕರಿಗೆಲ್ಲ ಪರಿಚಿತವಾದುದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಗೇ ಮರಳಿಸಿ ಬಾ ಎಂದು ಗಂಡನನ್ನು ಕಳುಹಿಸಿದಳು. ತಮ್ಮ ಪಾಲಿನ ಅಕ್ಕಿಯಲ್ಲಿಯೇ ಅವರು ಜಂಗಮ ದಾಸೋಹವನ್ನು ನಡೆಸಿದರು.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ನಿರಾಶೆಯ, ಅಂದರೆ ಆಸೆಯಿಲ್ಲದಿರುವಿಕೆಯ, ಪಾಠವೆಂದು ಹೇಳುತ್ತೇವೆ. ಅದು ಸರಿಯೇ. ಆದರೆ ಇಲ್ಲಿ ಇನ್ನೂ ಮೂರು ಸೂಕ್ಷ್ಮಗಳಿವೆ. ಮೊದಲನೆಯದು, ನೀಡುವವರು ಇಲ್ಲಿ ಸಿರಿವಂತರಲ್ಲ. ಊರಿನಲ್ಲಿಯೇ ಬಡವರಾದ ದಂಪತಿಗಳು. ಬಡವನು ಪಡೆಯುವವನು, ಸಿರಿವಂತನು ಕೊಡುವವನು ಎಂಬ ಲೋಕದ ವಿಂಗಡಣೆಯನ್ನು ಶರಣರು ಅಳಿಸಿಹಾಕಿದರು. ಎರಡನೆಯದು, ಇಲ್ಲಿ ಅಳತೆಯಿದೆ. ಇಂದಿನದಿಷ್ಟು, ನಮ್ಮದಿಷ್ಟು, ಅವರದಿಷ್ಟು ಎಂಬ ಲೆಕ್ಕವಿದೆ. ಲೆಕ್ಕವಿಡುವುದು ಭಕ್ತಿಗೆ ಕುಂದೆಂದು ತಿಳಿಯುವವರು ಲಕ್ಕಮ್ಮನನ್ನು ನೆನೆಯಬೇಕು. ಮೂರನೆಯದು, ಮರಳಿಸಿದ ಅಕ್ಕಿ ವ್ಯರ್ಥವಾಗಲಿಲ್ಲ. ಅದು ಸಮುದಾಯದ ಕಣಜಕ್ಕೆ, ಮಹಾಮನೆಯ ದಾಸೋಹಕ್ಕೆ, ಸೇರಿತು. ವ್ಯಕ್ತಿಯ ಮನೆಯಲ್ಲಿ ಹೆಚ್ಚಾದುದು ಸಮುದಾಯದ ಮನೆಯಲ್ಲಿ ಪ್ರಸಾದವಾಯಿತು.

ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇಲ್ಲಿಯೇ ಸ್ಪಷ್ಟವಾಗುತ್ತದೆ. ದಾನದಲ್ಲಿ ಕೊಟ್ಟವನು ಮೇಲೆ, ಕೊಂಡವನು ಕೆಳಗೆ. ಕೊಟ್ಟವನ ಹೆಸರು ಕಲ್ಲಿನ ಮೇಲೆ, ಕೊಂಡವನ ಹೆಸರು ಮರೆವಿನಲ್ಲಿ. ದಾಸೋಹದಲ್ಲಿ ಕೊಡುವವನೇ ದಾಸ. ಕೊಡುವ ವಸ್ತು ಮೊದಲೇ ಶಿವನದು. ತನ್ನದಲ್ಲದುದನ್ನು ತಲುಪಿಸುವವನಿಗೆ ಅಹಂಕಾರಕ್ಕೆ ಎಡೆಯೆಲ್ಲಿ? ಆದರೆ ತನ್ನದಲ್ಲದುದನ್ನು ತಲುಪಿಸುವವನ ಮೇಲೆ ಇನ್ನೊಂದು ಭಾರ ಬೀಳುತ್ತದೆ: ಅದು ತಲುಪಿತೇ ಇಲ್ಲವೇ ಎಂಬುದಕ್ಕೆ ಅವನೇ ಹೊಣೆ.

ನಮ್ಮ ಸೀಮೆಯ ಪರಂಪರೆ

ಕೂಡಿ ನೀಡುವುದು ಈ ನೆಲಕ್ಕೆ ಹೊಸದಲ್ಲ. ಗದಗಿಗೆ ಸಮೀಪದ ಲಕ್ಕುಂಡಿಯಲ್ಲಿ ೧೦೦೭ರ ಶಾಸನವು ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿಯನ್ನು ಹೇಳುತ್ತದೆ. ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಅದು ಒಬ್ಬ ಮಹಾಸಾಧ್ವಿಯ ಔದಾರ್ಯ. ಅಲ್ಲಿಂದ ಮುಂಡರಗಿಯ ದಾರಿಯಲ್ಲಿರುವ ಡಂಬಳದಲ್ಲಿ ೧೦೯೫ರ ಕಾಲದ ಶಾಸನವೊಂದು ಬೇರೆಯೇ ಬಗೆಯ ಔದಾರ್ಯವನ್ನು ತಿಳಿಸುತ್ತದೆ. ಅಲ್ಲಿಯ ೧೬ ಮಂದಿ ಸೆಟ್ಟಿಗಳು ಕೂಡಿ ಬೌದ್ಧ ವಿಹಾರವೊಂದನ್ನು ಕಟ್ಟಿಸಿದರು. ಒಬ್ಬನಲ್ಲ, ಹದಿನಾರು ಜನ, ಅರಸನಲ್ಲ, ವರ್ತಕರು. ಆ ಕಾಲದ ವರ್ತಕ ಸಂಘಗಳು ಇಷ್ಟು ಹೇರು ಅಡಕೆಗೆ ಇಷ್ಟು, ಇಷ್ಟು ಹೊರೆ ಎಲೆಗೆ ಇಷ್ಟು ಎಂದು ತಮ್ಮ ಮೇಲೆ ತಾವೇ ಕಂದಾಯ ಹಾಕಿಕೊಂಡು ಧರ್ಮಕಾರ್ಯಗಳಿಗೆ ಬಿಟ್ಟ ನಿದರ್ಶನಗಳು ಕನ್ನಡ ಶಾಸನಗಳಲ್ಲಿ ಹೇರಳವಾಗಿವೆ.

ಆ ಶಾಸನಗಳ ಕೊನೆಯ ಭಾಗವನ್ನು ನಾವು ಶಾಪವೆಂದು ಓದಿ ಮುಗಿಸುತ್ತೇವೆ. ಆದರೆ ಅಲ್ಲಿ ಗಹನವಾದ ಒಂದು ವಿಚಾರವಿದೆ. ತಾನು ಕೊಟ್ಟುದಕ್ಕಿಂತ ಪರರು ಕೊಟ್ಟುದನ್ನು ಕಾಪಾಡುವುದು ಹೆಚ್ಚಿನ ಪುಣ್ಯವೆಂಬ ಭಾವವನ್ನು ಅವು ಮತ್ತೆ ಮತ್ತೆ ಸಾರುತ್ತವೆ. ಕೊಡುವವರು ಎಂದಿಗೂ ಹುಟ್ಟುತ್ತಾರೆ. ಕಾಯುವವರು ವಿರಳ ಎಂಬ ಲೋಕಾನುಭವ ಅದರ ಹಿಂದಿದೆ.

ಈಚಿನ ಶತಮಾನಗಳಲ್ಲಿ ಪೇಟೆಯ ವ್ಯವಹಾರದೊಡನೆ ಧರ್ಮಾದಾಯವೆಂಬ ಪದ್ಧತಿ ಬೆಳೆದುಬಂದಿತು. ಮಾಲಿನ ಪಟ್ಟಿಯಲ್ಲಿ ದಲಾಲಿ, ಹಮಾಲಿಗಳ ಜೊತೆಗೆ ಧರ್ಮಾದಾಯವೆಂದು ಒಂದು ಅಲ್ಪ ಮೊತ್ತವನ್ನು ಮುರಿದುಕೊಳ್ಳುವುದು ವಾಡಿಕೆಯಾಗಿತ್ತು. ಹತ್ತಿಯ ಪೇಟೆಯೆಂದು ಹೆಸರಾದ ಗದಗಿನವರಿಗೆ ಈ ಶಬ್ದ ಅಪರಿಚಿತವಲ್ಲ. ಆ ಹಣ ಯಾರದು? ಅಂಗಡಿಕಾರನದೇ, ರೈತನದೇ? ಈ ಪ್ರಶ್ನೆಗೆ ೧೯೫೦ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯಿದೆ ಉತ್ತರ ಕೊಟ್ಟಿತು: ಅದು ಧರ್ಮದ ಹಣ, ಅದನ್ನು ಇಟ್ಟುಕೊಂಡವನು ಕೇವಲ ನ್ಯಾಸಧಾರಿ. ಅಂದು ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ನಮ್ಮ ಹಿರಿಯರು ಈ ನಿಯಮದ ಅಡಿಯಲ್ಲಿಯೇ ವ್ಯವಹರಿಸಿದರು. ಕಾಯಿದೆ ಹೇಳಿದ್ದು ಶರಣರು ಹೇಳಿದ್ದನ್ನೇ ಅಲ್ಲವೇ?

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸ್ವಾತಂತ್ರ್ಯಕ್ಕೆ ಮೊದಲು ಗದಗು-ಬೆಟಗೇರಿ ಹಾಗೂ ಮುಂಡರಗಿಗಳು ಬ್ರಿಟಿಷರ ಆಳ್ವಿಕೆಯಲ್ಲಿದ್ದರೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಒಂದು ದಿನದ ನಡಿಗೆಯ ದೂರದಲ್ಲಿ ಮೂರು ಆಡಳಿತಗಳು! ಆದರೆ ಜಾತ್ರೆಗೆ ಹೋಗುವ ಬಂಡಿಗಳಿಗೆ ಗಡಿಯಿರಲಿಲ್ಲ. ಜೋಳದ ಕಾಣಿಕೆಗೆ ಸಂಸ್ಥಾನವಿರಲಿಲ್ಲ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದುಗಳೂ ಮುಸಲ್ಮಾನರೂ ಸಮನಾಗಿ ನಡೆದುಕೊಂಡರು. ಮುಂಡರಗಿಯ ಅನ್ನದಾನೀಶ್ವರ ಮಠದ ಹೆಸರೇ ಅದರ ಕಾರ್ಯವನ್ನು ಹೇಳುತ್ತದೆ. ಸರಕಾರಗಳು ಬೇರೆಯಾಗಿದ್ದಾಗಲೂ ಈ ಸೀಮೆ ಔದಾರ್ಯದಲ್ಲಿ ಒಂದಾಗಿತ್ತು. ೧೯೯೭ರಲ್ಲಿ ಗದಗು ಪ್ರತ್ಯೇಕ ಜಿಲ್ಲೆಯಾದಾಗ ಆ ಹಳೆಯ ಬಾಂಧವ್ಯಕ್ಕೆ ಆಡಳಿತದ ರೂಪವೂ ದೊರೆಯಿತು.

ಮೂರು ಮೇಲ್ಪಂಕ್ತಿಗಳು

ಕೂಡಿ ಉಳಿಸುವುದಕ್ಕೆ ನಮ್ಮಲ್ಲಿಯೇ ಮೂರು ಮೇಲ್ಪಂಕ್ತಿಗಳಿವೆ.

ಮೊದಲನೆಯದು ಕಣಗಿನಹಾಳ. ಗದಗು ತಾಲೂಕಿನ ಈ ಗ್ರಾಮದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಹಿಂದಿನ ವರ್ಷವಷ್ಟೇ ಸಹಕಾರಿ ಕಾಯಿದೆ ಜಾರಿಗೆ ಬಂದಿತ್ತು. ಭಾರತದ ಮೊದಲ ಕೃಷಿ ಪತ್ತಿನ ಸಂಘವೆಂಬ ಕೀರ್ತಿ ಇದಕ್ಕೆ ಸಂದಿದೆ. ಸಾಹುಕಾರನ ಬಡ್ಡಿಗೆ ಸಿಕ್ಕಿದ್ದ ಒಕ್ಕಲಿಗರು ತಮ್ಮ ಸಣ್ಣ ಸಣ್ಣ ಪಾಲುಗಳನ್ನು ಕೂಡಿಸಿ ತಮಗೆ ತಾವೇ ಸಾಲ ಕೊಟ್ಟುಕೊಂಡರು. ಅದು ಧರ್ಮಸಂಸ್ಥೆಯಲ್ಲ, ವ್ಯವಹಾರ ಸಂಸ್ಥೆ. ಆದರೂ ಅಲ್ಪವು ಕೂಡಿದರೆ ಅನಲ್ಪವಾಗುವುದೆಂಬ ಪಾಠ ಅಲ್ಲಿದೆ.

ಎರಡನೆಯದು ಶಿರಸಂಗಿ ಲಿಂಗರಾಜ ದೇಸಾಯರ ನ್ಯಾಸ. ೧೮೬೧ರಲ್ಲಿ ಜನಿಸಿ ೧೯೦೬ರಲ್ಲಿ ಲಿಂಗೈಕ್ಯರಾದ ತ್ಯಾಗವೀರ ಲಿಂಗರಾಜರು ೧೯೦೪ರಲ್ಲಿ ಧಾರವಾಡದಲ್ಲಿ ಕೂಡಿದ ಮೊದಲ ವೀರಶೈವ ಮಹಾಸಭೆಯ ಅಧ್ಯಕ್ಷರಾಗಿದ್ದರು. ತಮ್ಮ ಸಂಸ್ಥಾನದ ಆಸ್ತಿಯನ್ನು ಅವರು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟರು. ಶಿರಸಂಗಿ-ನವಲಗುಂದ ನ್ಯಾಸದ ಆದಾಯದಿಂದ ತಲೆಮಾರುಗಳ ವಿದ್ಯಾರ್ಥಿಗಳು ವೇತನ ಪಡೆದು ಓದಿದರು. ಇಲ್ಲಿ ಗಮನಿಸಬೇಕಾದುದು ಮೂಲಧನದ ತತ್ವ. ಮರವನ್ನು ಕಡಿದು ಹಂಚಲಿಲ್ಲ. ಮರವನ್ನು ನಿಲ್ಲಿಸಿ ಹಣ್ಣನ್ನು ಹಂಚಿದರು.

ಮೂರನೆಯದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಪಂಡಿತ ಪಂಚಾಕ್ಷರ ಗವಾಯಿಗಳು ಸ್ವತಃ ಅಂಧರಾಗಿದ್ದು, ಅಂಧ, ಅನಾಥ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ವಿದ್ಯೆಗಳನ್ನು ನೀಡಿದರು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಪಂಡಿತ ಪುಟ್ಟರಾಜ ಗವಾಯಿಗಳು ೨೦೧೦ರವರೆಗೆ ಆ ಹೊಣೆಯನ್ನು ಹೊತ್ತರು. ಭಕ್ತರು ಊರೂರಲ್ಲಿ ಪುಟ್ಟರಾಜರಿಗೆ ತುಲಾಭಾರ ನಡೆಸಿದರು. ತಕ್ಕಡಿಗೆ ಬಿದ್ದ ನಾಣ್ಯ ಆಶ್ರಮದ ಮಕ್ಕಳ ಅನ್ನವಾಯಿತು. ಆಶ್ರಮದ ನಾಟಕ ಸಂಘವೂ ಊರೂರು ತಿರುಗಿತು. ಗುರುವನ್ನು ತೂಗಿದ ಹಣ ಗುರುವಿಗೆ ನಿಲ್ಲದೆ ಕುರುಡು ಮಗುವಿನ ತಟ್ಟೆಗೆ ಇಳಿಯಿತೆಂದರೆ, ದಾಸೋಹದ ಅರ್ಥವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಿಯಾರು?

ನಾಡನಿಧಿಯೆಂದರೇನು?

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಪಶ್ಚಿಮ ದೇಶಗಳಲ್ಲಿ ಸಮುದಾಯ ಪ್ರತಿಷ್ಠಾನವೆಂಬ ಒಂದು ಏರ್ಪಾಡು ಇದೆ. ಅಮೆರಿಕೆಯ ಕ್ಲೀವ್‌ಲ್ಯಾಂಡ್ ನಗರದಲ್ಲಿ ೧೯೧೪ರಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕಿನ ಅಧ್ಯಕ್ಷರು ಅದನ್ನು ಮೊದಲಿಗೆ ಸ್ಥಾಪಿಸಿದರು. ಸತ್ತವರು ಬರೆದಿಟ್ಟ ದಾನಪತ್ರಗಳು ಬದುಕಿರುವವರ ಕೈಕಟ್ಟುವುದನ್ನು ಅವರು ಕಂಡಿದ್ದರು. ಒಬ್ಬನು ಒಂದು ಉದ್ದೇಶಕ್ಕೆಂದು ಆಸ್ತಿ ಬರೆದಿಡುತ್ತಾನೆ. ಐವತ್ತು ವರ್ಷಗಳಲ್ಲಿ ಆ ಉದ್ದೇಶವೇ ಇಲ್ಲವಾಗುತ್ತದೆ. ಹಣ ಬ್ಯಾಂಕಿನಲ್ಲಿ ಕೊಳೆಯುತ್ತದೆ. ಆದುದರಿಂದ ಅನೇಕರ ಕೊಡುಗೆಗಳನ್ನು ಒಂದೇ ನಿಧಿಯಲ್ಲಿ ಕೂಡಿಸಿ, ಅದರ ಆದಾಯವನ್ನು ಆಯಾ ಕಾಲದ ಅವಶ್ಯಕತೆಗೆ ತಕ್ಕಂತೆ ಹಂಚುವ ಅಧಿಕಾರವನ್ನು ಊರಿನ ವಿಶ್ವಾಸಾರ್ಹರ ಮಂಡಳಿಗೆ ಒಪ್ಪಿಸಿದರು. ಭಾರತದಲ್ಲಿಯೂ ೧೯೯೧ರಲ್ಲಿ ಮುಂಬಯಿಯಲ್ಲಿ ಇಂಥದೊಂದು ನ್ಯಾಸ ಹುಟ್ಟಿತು. ನಾವು ಇದನ್ನು ನಾಡನಿಧಿಯೆಂದು ಕರೆಯಬಹುದು.

ಇದರ ಲಕ್ಷಣಗಳು ಐದು. ಇದು ಒಬ್ಬರ ಹಣವಲ್ಲ, ಒಂದು ಸೀಮೆಯ ಅನೇಕರ ಹಣ. ಇದರ ಮೂಲಧನ ಕರಗದು, ಆದಾಯ ಮಾತ್ರ ಹರಿಯುತ್ತದೆ. ಇದು ತಾನೇ ಶಾಲೆ, ಆಸ್ಪತ್ರೆಗಳನ್ನು ನಡೆಸುವುದಿಲ್ಲ. ಈಗಾಗಲೇ ನಡೆಸುತ್ತಿರುವ ಸ್ಥಳೀಯ ಧರ್ಮಸಂಸ್ಥೆಗಳ ಕೈಹಿಡಿಯುತ್ತದೆ. ಕಾಲ ಬದಲಾದಂತೆ ಉದ್ದೇಶವನ್ನು ಬದಲಿಸಿಕೊಳ್ಳುವ ಸ್ವಾತಂತ್ರ್ಯ ಇದಕ್ಕಿದೆ. ಕೊನೆಯದಾಗಿ, ಇದರ ಲೆಕ್ಕ ಊರಿನ ಎದುರಿಗೆ ತೆರೆದಿರುತ್ತದೆ.

ಮೂರನೆಯ ಲಕ್ಷಣವನ್ನು ಕೊಂಚ ವಿವರಿಸಬೇಕು. ನಮ್ಮ ಊರುಗಳಲ್ಲಿ ಸಣ್ಣ ಧರ್ಮಸಂಸ್ಥೆಗಳು ಬಹಳ. ಒಂದು ವಸತಿಗೃಹ, ಒಂದು ಗ್ರಂಥಾಲಯ, ವೃದ್ಧರ ಆಶ್ರಯ, ರಾತ್ರಿಯ ಪಾಠಶಾಲೆ. ಇವುಗಳನ್ನು ನಡೆಸುವವರು ಕೆಲಸದಲ್ಲಿ ನಿಪುಣರು, ಹಣ ಕೂಡಿಸುವುದರಲ್ಲಿ ಅಶಕ್ತರು. ವರ್ಷದ ಅರ್ಧ ಕಾಲ ವಂತಿಗೆಗಾಗಿ ಅಲೆಯುವುದರಲ್ಲಿಯೇ ಕಳೆಯುತ್ತದೆ. ಇತ್ತ ಕೊಡುವವನಿಗೂ ಸಂಶಯ: ಯಾವುದು ನಿಜವಾದ ಸಂಸ್ಥೆ, ಯಾವುದು ಕೇವಲ ರಸೀದಿ ಪುಸ್ತಕ? ನಾಡನಿಧಿ ಇವರಿಬ್ಬರ ನಡುವೆ ಸೇತುವೆಯಾಗುತ್ತದೆ. ಅದು ಸಂಸ್ಥೆಯನ್ನು ಕಂಡು, ಮಕ್ಕಳನ್ನು ಮಾತನಾಡಿಸಿ, ಲೆಕ್ಕಪತ್ರ ಪರಿಶೀಲಿಸಿ ಧನ ಒದಗಿಸುತ್ತದೆ. ಕೊಡುವವನ ಸಂಶಯ ನೀಗುತ್ತದೆ. ಪಡೆಯುವವನ ಅಲೆದಾಟ ತಪ್ಪುತ್ತದೆ. ಲೆಕ್ಕವಿಡುವ ಕ್ರಮವನ್ನರಿಯದ ಸಂಸ್ಥೆಗೆ ಅದನ್ನು ಕಲಿಸುವುದೂ ನಿಧಿಯ ಕಾರ್ಯವೇ. ಹಣದಷ್ಟೇ ಆ ಶಿಕ್ಷಣವೂ ಬೆಲೆಯುಳ್ಳದ್ದು.

ಲೆಕ್ಕದ ಒಂದು ನಿದರ್ಶನ

ಗದಗು-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಸ್ಥಳಗಳಲ್ಲಿ ಕೂಡಿ ೧,೦೦೦ ಮನೆಗಳು ತಿಂಗಳಿಗೆ ೧೦೦ ರೂಪಾಯಿಗಳಂತೆ ತೆಗೆದಿಡುತ್ತವೆ ಎಂದು ಭಾವಿಸೋಣ. ತಿಂಗಳಿಗೆ ೧ ಲಕ್ಷ, ವರ್ಷಕ್ಕೆ ೧೨ ಲಕ್ಷ ರೂಪಾಯಿಗಳಾದವು. ಅದರಲ್ಲಿ ಅರ್ಧವನ್ನು ಆ ವರ್ಷವೇ ಸ್ಥಳೀಯ ಸಂಸ್ಥೆಗಳಿಗೆ ಹಂಚಿ, ಉಳಿದ ೬ ಲಕ್ಷವನ್ನು ಮೂಲಧನಕ್ಕೆ ಸೇರಿಸಿದರೆ ಹತ್ತು ವರ್ಷಗಳಲ್ಲಿ, ಬಡ್ಡಿಯನ್ನು ಎಣಿಸದೆಯೇ, ೬೦ ಲಕ್ಷದ ನಿಧಿ ನಿಲ್ಲುತ್ತದೆ. ನೂರಕ್ಕೆ ೬ರಂತೆ ಅದರ ಆದಾಯ ವರ್ಷಕ್ಕೆ ೩,೬೦,೦೦೦ ರೂಪಾಯಿ. ಬೆಲೆಗಳು ಏರುತ್ತಲೇ ಇರುವುದರಿಂದ ಆದಾಯದಲ್ಲಿ ನೂರಕ್ಕೆ ೧೫ರಷ್ಟನ್ನು, ಅಂದರೆ ೫೪,೦೦೦ವನ್ನು, ಮರಳಿ ನಿಧಿಗೆ ಸೇರಿಸಿದರೂ ೩,೦೬,೦೦೦ ರೂಪಾಯಿ ಪ್ರತಿ ವರ್ಷವೂ ಹರಿಯುತ್ತದೆ. ಇನ್ನು ಮೇಲೆ ಯಾರೊಬ್ಬರು ಕಣ್ಮರೆಯಾದರೂ ಆ ಹರಿವು ನಿಲ್ಲದು. ಮೇಲೆ ಹೇಳಿದ ವಸತಿಗೃಹಕ್ಕೆ ಇಷ್ಟು ಆಧಾರವಿದ್ದಿದ್ದರೆ ಆ ಬಾಗಿಲು ಮುಚ್ಚುತ್ತಿರಲಿಲ್ಲ.

ಧರ್ಮನ್ಯಾಸಗಳು ತಮ್ಮ ಆದಾಯದ ನೂರಕ್ಕೆ ೮೫ ಭಾಗವನ್ನು ಧರ್ಮಕಾರ್ಯಕ್ಕೆ ವಿನಿಯೋಗಿಸಬೇಕೆಂಬುದು ಆದಾಯ ತೆರಿಗೆಯ ಸಾಮಾನ್ಯ ನಿಯಮ. ಮೂಲಧನಕ್ಕೆಂದು ಕೊಡುವವರು ಹಾಗೆಂದು ಬರೆದು ಕೊಡಬೇಕು. ನ್ಯಾಸವನ್ನು ನೋಂದಾಯಿಸಿ, ತೆರಿಗೆಯ ಇಲಾಖೆಯ ಮನ್ನಣೆ ಪಡೆದು, ವರ್ಷವರ್ಷವೂ ಲೆಕ್ಕಪರಿಶೋಧನೆ ಮಾಡಿಸಬೇಕು. ಈ ವಿಧಿಗಳು ಕೆಲವರಿಗೆ ಕಿರುಕುಳವೆನಿಸಬಹುದು. ಸತ್ಯಶುದ್ಧ ಕಾಯಕವನ್ನು ಒಪ್ಪಿದವರಿಗೆ ಇವು ನಿತ್ಯನೇಮದಂತೆ ಸಹಜವಾಗಬೇಕು.

ಎಲ್ಲಿಗೆ ಹರಿಯಬೇಕು?

ನಮ್ಮ ಸೀಮೆ ಮಳೆಯನ್ನು ನಂಬಿದ ಸೀಮೆ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದ ನೆನಪು ಇಲ್ಲಿಯ ಹಿರಿಯರ ಮಾತಿನಲ್ಲಿ ಬಹುಕಾಲ ಉಳಿದಿತ್ತು. ೨೦೦೯ರಲ್ಲಿಯೂ ೨೦೧೯ರಲ್ಲಿಯೂ ಉತ್ತರ ಕರ್ನಾಟಕ ನೆರೆಯ ಪೆಟ್ಟನ್ನು ತಿಂದಿತು. ಬರ, ನೆರೆಗಳ ಕಾಲದಲ್ಲಿ ದೂರದ ನೆರವು ಬರುವ ಮೊದಲೇ ಮೊದಲ ಗಂಜಿ ಊರಿನಿಂದಲೇ ಬರಬೇಕು. ಮೊದಲೇ ಕೂಡಿಟ್ಟ ನಿಧಿಯಿದ್ದಲ್ಲಿ ಅದು ಸಾಧ್ಯ.

ಇದಲ್ಲದೆ ಸದ್ದಿಲ್ಲದ ಅವಶ್ಯಕತೆಗಳು ಅನೇಕ. ಬೆಟಗೇರಿಯ ನೇಕಾರನ ಮಗಳು ಕಾಲೇಜಿನ ಶುಲ್ಕವಿಲ್ಲದೆ ಮಗ್ಗದ ಮುಂದೆ ಕುಳಿತುಕೊಳ್ಳುವುದು, ಮುಂಡರಗಿಯ ಕಡೆಯ ಹಳ್ಳಿಯಿಂದ ದೂರದ ಪಟ್ಟಣಕ್ಕೆ ಚಿಕಿತ್ಸೆಗೆ ಹೋಗುವ ರೋಗಿಗೆ ಬಸ್ಸಿನ ಹಣವಿಲ್ಲದಿರುವುದು, ದುಡಿಯಲು ವಲಸೆ ಹೋದವರ ಮಕ್ಕಳು ಶಾಲೆ ಬಿಡುವುದು: ಇವಕ್ಕೆ ಜಾತ್ರೆಯಿಲ್ಲ, ತೇರಿಲ್ಲ, ಕಲ್ಲಿನ ಫಲಕವಿಲ್ಲ. ಕಟ್ಟಡಕ್ಕೆ ಕೊಡುವವರು ಹತ್ತು ಜನ. ಕಟ್ಟಡದಲ್ಲಿ ಪಾಠ ಹೇಳುವವರ ಸಂಬಳಕ್ಕೆ ಕೊಡುವವರು ಒಬ್ಬರೂ ಇಲ್ಲ. ಕಣ್ಣಿಗೆ ಕಾಣದ ಕೊರತೆಯನ್ನು ಕಾಣುವುದೇ ನಿಧಿಯ ಮಂಡಳಿಯ ಮೊದಲ ಕರ್ತವ್ಯ.

ಎರಡು ಆಕ್ಷೇಪಗಳು

ನಾಡನಿಧಿ ಬಂದರೆ ಮಠಗಳಿಗೆ ಬರುವ ಕಾಣಿಕೆ ಕುಗ್ಗದೇ ಎಂದು ಕೇಳುವವರಿದ್ದಾರೆ. ಮಠದ ದಾಸೋಹ ಮಠದ್ದೇ. ಅದರ ಸ್ಥಾನವನ್ನು ಬೇರೊಂದು ತುಂಬಲಾರದು. ಆದರೆ ಮಠ ಎಲ್ಲವನ್ನೂ ಹೊರಬೇಕೆಂದು ಬಯಸುವುದು ಭಕ್ತರ ಸೋಮಾರಿತನ. ಅಲ್ಲದೆ ನಿಧಿಯು ಜಾತಿ ಮತಗಳನ್ನು ನೋಡದೆ ಹಸಿವನ್ನು ಮಾತ್ರ ನೋಡಿದರೆ, ಅದು ಶರಣರ ಮಾರ್ಗಕ್ಕೆ ಹೊರತಾದುದೆಂದು ಯಾರೂ ಹೇಳಲಾರರು.

ನಾಲ್ಕು ಜನರ ಕೈಗೆ ಹಣ ಹೋದರೆ ಅದು ನಾಲ್ಕು ಜನರದೇ ಆಗುವುದಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಇದು ನಿಜವಾದ ಭಯ. ಇದನ್ನು ಮಾತಿನಿಂದ ನಿವಾರಿಸಲಾಗದು, ನಿಯಮದಿಂದ ನಿವಾರಿಸಬೇಕು. ಮಂಡಳಿಯ ಸದಸ್ಯರಿಗೆ ಅವಧಿಯ ಮಿತಿ ಇರಲಿ. ನಾಲ್ಕೂ ಕಡೆಯವರು ಇರಲಿ; ಅದರಲ್ಲಿ ಹೆಣ್ಣುಮಕ್ಕಳಿಗೂ, ದುಡಿದು ಉಣ್ಣುವವರಿಗೂ ಸ್ಥಾನವಿರಲಿ. ಸದಸ್ಯನು ತನ್ನ ಬಂಧುಗಳ ಸಂಸ್ಥೆಯ ವಿಷಯ ಬಂದಾಗ ಎದ್ದು ಹೊರಗೆ ಹೋಗಲಿ. ಯಾರಿಗೆ ಎಷ್ಟು ಕೊಟ್ಟಿತೆಂಬ ಪಟ್ಟಿ ವರ್ಷಕ್ಕೊಮ್ಮೆ ಊರ ಚಾವಡಿಯಲ್ಲಿ ಓದಿಸಲ್ಪಡಲಿ. ಇಷ್ಟಾದ ಮೇಲೂ ತಪ್ಪುಗಳಾಗಬಹುದು. ತಪ್ಪನ್ನು ಮರಳಿಸುವ ಧೈರ್ಯವೊಂದಿದ್ದರೆ ಸಾಕು. ಲಕ್ಕಮ್ಮ ಮಾರಯ್ಯನಿಗೆ ಕಲಿಸಿದ್ದು ಅದನ್ನೇ.

ಉಪಸಂಹಾರ

ನೀಡುವ ಕೈಯನ್ನು ನಾವು ಬಹುಕಾಲ ಹೊಗಳಿದ್ದೇವೆ. ಇನ್ನು ಮೇಲೆ ಕಾಯುವ ಕೈಯನ್ನು, ಎಣಿಸುವ ಕೈಯನ್ನು, ಅರಸಿ ತಲುಪಿಸುವ ಕೈಯನ್ನು ಗೌರವಿಸಲು ಕಲಿಯಬೇಕು. ದಾಸೋಹದ ಎಡೆ ಒಂದು ದಿನದ್ದು; ದಾಸೋಹದ ಕಣಜ ತಲೆಮಾರಿನದು. ಎಡೆಗೆ ಭಕ್ತಿ ಸಾಕು, ಕಣಜಕ್ಕೆ ಭಕ್ತಿಯೊಡನೆ ಬುದ್ಧಿಯೂ ಬೇಕು. ಇವೆರಡೂ ಶರಣರಲ್ಲಿ ಬೇರೆಯಾಗಿರಲಿಲ್ಲ. ನಮ್ಮಲ್ಲಿಯೂ ಬೇರೆಯಾಗದಿರಲಿ.

ಮನನಕ್ಕೆ

೧. ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ನಿಮ್ಮ ಮನೆಯ ಒಂದು ನಿದರ್ಶನದಿಂದ ವಿವರಿಸಿ.
೨. ಕಳೆದ ಒಂದು ವರ್ಷದಲ್ಲಿ ನೀವು ಕೊಟ್ಟುದರಲ್ಲಿ ಎಷ್ಟು ಇಂದಿಗೂ ಫಲ ಕೊಡುತ್ತಿದೆ?
೩. ನಿಮ್ಮ ಓಣಿಯಲ್ಲಿ ಯಾರೂ ಕಾಣದ ಒಂದು ಕೊರತೆಯನ್ನು ಗುರುತಿಸಿ, ಅದನ್ನು ನೀಗಿಸುವ ಸಂಸ್ಥೆ ಯಾವುದೆಂದು ವಿಚಾರಿಸಿ ತಿಳಿಯಿರಿ.